ಅವಳು ಯಾಕೆ ಮಾತಾಡುತ್ತಿಲ್ಲ? ಗ್ರೀಕ್ ಪುರಾಣ ಬೆರೆತ ಪತ್ತೇದಾರಿ ಕಾದಂಬರಿ ಓದುವ ಬಗೆ

ಪತ್ತೇದಾರಿ ಕಾದಂಬರಿ ಓದುತ್ತಿರುವಾಗ ನಡುವೆ ಒಂದು ಗ್ರೀಕ್ ಹೆಸರು ಬಂತು ಅಂದುಕೊಳ್ಳಿ. ಕೆಲವರು ಆ ಸಾಲು ಹಾರಿಸಿ ಮುಂದೆ ಹೋಗುತ್ತಾರೆ. ಕೆಲವರು ತಕ್ಷಣ ಫೋನ್ ತೆಗೆದು ಹುಡುಕುತ್ತಾರೆ. ನಾನು ಎರಡನೇ ಜಾತಿಗೆ ಸೇರಿದವಳು. ಅದರ ಫಲವನ್ನೂ ಚೆನ್ನಾಗಿಯೇ ಉಂಡಿದ್ದೇನೆ.

ಅಲೆಕ್ಸ್ ಮೈಕೆಲಿಡೀಸ್ ಬರೆದ ‘ದಿ ಸೈಲೆಂಟ್ ಪೇಷೆಂಟ್’ ಓದುತ್ತಿದ್ದೆ. 2019ರಲ್ಲಿ ಬಂದ ಕಾದಂಬರಿ. ಅದರಲ್ಲಿ ಒಬ್ಬ ಚಿತ್ರಕಲಾವಿದೆ ಗಂಡನನ್ನು ಗುಂಡಿಟ್ಟು ಕೊಂದು, ಆಮೇಲೆ ಒಂದೇ ಒಂದು ಮಾತೂ ಆಡದೆ ಕೂತುಬಿಡುತ್ತಾಳೆ. ಒಂದು ಚಿತ್ರ ಮಾತ್ರ ಬರೆಯುತ್ತಾಳೆ. ಅದಕ್ಕೆ ಅವಳಿಟ್ಟ ಹೆಸರು ‘ಅಲ್ಸೆಸ್ಟಿಸ್’. ಯಾರಪ್ಪ ಇವಳು ಅಂತ ಫೋನಿನಲ್ಲಿ ನಾಲ್ಕು ಅಕ್ಷರ ಒತ್ತಿದೆ, ಅಷ್ಟೇ. ಕೆಳಗೆ ಸಾಲಾಗಿ ಇಳಿದ ಸಲಹೆಗಳಲ್ಲಿ ಒಂದು, ಕಾದಂಬರಿಯ ಕೊನೆಯ ಗುಟ್ಟನ್ನೇ ಬಿಚ್ಚಿಟ್ಟಿತು. ಓದಲು ಇನ್ನೂ ಅರ್ಧಕ್ಕಿಂತ ಜಾಸ್ತಿ ಪುಸ್ತಕ ಬಾಕಿ ಇತ್ತು.

ನಿಮಗೆ ಹಾಗಾಗದಿರಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಕಾದಂಬರಿಯ ಗುಟ್ಟನ್ನು ಇಲ್ಲಿ ಎಲ್ಲೂ ಹೇಳುವುದಿಲ್ಲ. ಪುರಾಣದ ಕತೆಯನ್ನು ಮಾತ್ರ ಪೂರ್ತಿ ಹೇಳುತ್ತೇನೆ. ಅದು ಎರಡು ಸಾವಿರದ ನಾನೂರು ವರ್ಷಕ್ಕಿಂತ ಹಳೆಯದು, ಗುಟ್ಟು ಕಾಯುವ ಕಾಲ ಯಾವತ್ತೋ ಮುಗಿದಿದೆ.

ಮೊದಲು: ಒಂದೇ ಒಂದು ಕತೆ ತಿಳಿದಿರಲಿ

ಗ್ರೀಕ್ ಪುರಾಣ ಅಂದ ತಕ್ಷಣ ದಪ್ಪ ಪುಸ್ತಕ ಹುಡುಕಿಕೊಂಡು ಹೋಗಬೇಡಿ. ದೇವತೆಗಳ ವಂಶಾವಳಿ ಬಾಯಿಪಾಠ ಮಾಡುವುದೂ ಬೇಡ. ಕಾದಂಬರಿ ಯಾವ ಕತೆಯ ಮೇಲೆ ನಿಂತಿದೆಯೋ ಆ ಒಂದು ಕತೆ ಗೊತ್ತಿದ್ದರೆ ಸಾಕು. ಈ ಕಾದಂಬರಿಗೆ ಬೇಕಾದ ಕತೆ ಇದು.

ಥೆಸ್ಸಲಿ ಸೀಮೆಯಲ್ಲಿ ಫೆರೆ ಅಂತ ಒಂದು ಊರು. ಅಲ್ಲಿಯ ರಾಜ ಅಡ್ಮೀಟಸ್. ಅಪೊಲೊ ದೇವರಿಗೆ ಒಮ್ಮೆ ಶಿಕ್ಷೆಯಾಗಿ ಈ ರಾಜನ ಮನೆಯಲ್ಲಿ ದನ ಕಾಯುವ ಕೆಲಸ ಬೀಳುತ್ತದೆ. ಬಂದ ಆಳನ್ನು ರಾಜ ಚೆನ್ನಾಗಿ ನೋಡಿಕೊಳ್ಳುತ್ತಾನೆ. ಆ ಋಣ ತೀರಿಸಲು ಅಪೊಲೊ ವಿಧಿದೇವತೆಗಳನ್ನು ಯಾಮಾರಿಸಿ ರಾಜನಿಗೆ ಒಂದು ಅನುಕೂಲ ಮಾಡಿಕೊಡುತ್ತಾನೆ. ಸಾವಿನ ಗಳಿಗೆ ಬಂದಾಗ ಅವನ ಬದಲು ಇನ್ನೊಬ್ಬರು ಸಾಯಲು ಒಪ್ಪಿದರೆ ಅವನು ಬದುಕಬಹುದು.

ಗಳಿಗೆ ಬಂದೇ ಬರುತ್ತದೆ. ಅಡ್ಮೀಟಸ್ ತನ್ನವರನ್ನೆಲ್ಲ ಕೇಳುತ್ತಾನೆ. ಮುದಿ ಅಪ್ಪ ಒಪ್ಪುವುದಿಲ್ಲ. ಅಮ್ಮನೂ ಒಪ್ಪುವುದಿಲ್ಲ. ಹೆಂಡತಿ ಅಲ್ಸೆಸ್ಟಿಸ್ ಒಪ್ಪುತ್ತಾಳೆ.

ಈ ಕತೆಯನ್ನು ಗ್ರೀಕ್ ನಾಟಕಕಾರ ಯೂರಿಪಿಡೀಸ್ ಕ್ರಿ.ಪೂ. 438ರಲ್ಲಿ ಅಥೆನ್ಸಿನಲ್ಲಿ ದ್ರಾಕ್ಷಾರಸದ ದೇವರು ಡಯೋನಿಸಸ್‌ನ ಉತ್ಸವದಲ್ಲಿ ನಾಟಕವಾಗಿ ಆಡಿಸಿದ. ಅದರಲ್ಲಿ ಒಂದು ಭಾಗವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಅಲ್ಸೆಸ್ಟಿಸಳ ಕೊನೆಯ ದಿನವನ್ನು ಮನೆಯ ದಾಸಿ ಬಂದು ಹೇಳುವ ಭಾಗ. ಸಾಯುವ ದಿನ ಇದೇ ಅಂತ ಗೊತ್ತಾದಾಗ ಅವಳು ಹೊಳೆಯ ನೀರಲ್ಲಿ ಸ್ನಾನ ಮಾಡುತ್ತಾಳೆ. ಪೆಟ್ಟಿಗೆಯಿಂದ ಒಳ್ಳೆ ಬಟ್ಟೆ, ಒಡವೆ ತೆಗೆದು ಹಾಕಿಕೊಳ್ಳುತ್ತಾಳೆ. ಒಲೆಯ ದೇವತೆಯ ಮುಂದೆ ನಿಂತು ಮಕ್ಕಳನ್ನು ಅವಳ ಕೈಗೆ ಒಪ್ಪಿಸುತ್ತಾಳೆ. ಮನೆಯಲ್ಲಿರುವ ಒಂದೊಂದು ಪೀಠದ ಹತ್ತಿರವೂ ಹೋಗಿ ಎಲೆಗೊಂಚಲು ಮುಡಿಸಿ ಕೈ ಮುಗಿಯುತ್ತಾಳೆ. ಅಳುವುದಿಲ್ಲ. ಮುಖದ ಬಣ್ಣ ಕೂಡ ಬದಲಾಗುವುದಿಲ್ಲ. ಆಮೇಲೆ ಮಲಗುವ ಕೋಣೆಗೆ ಕಾಲಿಡುತ್ತಾಳೆ. ಮಂಚ ಕಂಡದ್ದೇ ಅದರ ಮೇಲೆ ಬಿದ್ದು ಹಾಸಿಗೆಯೆಲ್ಲ ಒದ್ದೆಯಾಗುವಷ್ಟು ಅಳುತ್ತಾಳೆ. ಎದ್ದು ಬಾಗಿಲವರೆಗೆ ಬರುತ್ತಾಳೆ, ತಿರುಗಿ ಹೋಗಿ ಮತ್ತೆ ಮಂಚಕ್ಕೆ ಬೀಳುತ್ತಾಳೆ. ಹೀಗೆ ಎಷ್ಟೋ ಸಲ. ಕೊನೆಗೆ ಆಳುಕಾಳುಗಳಿಗೆಲ್ಲ ಒಬ್ಬೊಬ್ಬರಿಗೂ ಕೈಕೊಟ್ಟು ಮಾತಾಡಿಸುತ್ತಾಳೆ.

ಸಾಯುವ ಮುಂಚೆ ಅವಳು ಗಂಡನನ್ನು ಕೇಳುವುದು ಒಂದೇ. ಮಕ್ಕಳಿಗೆ ಮಲತಾಯಿ ತರಬೇಡ. ಆತ ಬೇಕಾದಷ್ಟು ಆಣೆ ಇಡುತ್ತಾನೆ. ಮತ್ತೆ ಮದುವೆಯಾಗುವುದಿಲ್ಲ, ಮನೆಯಲ್ಲಿ ಹಾಡು ಕೇಳಿಸುವುದಿಲ್ಲ, ಶಿಲ್ಪಿಗಳಿಂದ ನಿನ್ನಂಥದೇ ಬೊಂಬೆ ಮಾಡಿಸಿ ಹಾಸಿಗೆಯಲ್ಲಿ ಮಲಗಿಸಿಕೊಳ್ಳುತ್ತೇನೆ ಅನ್ನುತ್ತಾನೆ. ಈ ಬೊಂಬೆಯ ಮಾತು ನೆನಪಿನಲ್ಲಿರಲಿ. ಚಿತ್ರ ಬರೆಯುವ ಹೆಂಗಸಿನ ಕಾದಂಬರಿಯಲ್ಲಿ ಇಂಥ ಮಾತು ಸುಮ್ನೆ ಹೋಗುವುದಿಲ್ಲ.

ಹೆಣ ಮನೆಯಲ್ಲಿರುವಾಗಲೇ ಹೆರಾಕ್ಲೀಸ್ ಎಂಬ ಮಹಾಬಲಶಾಲಿ ವೀರ ಬರುತ್ತಾನೆ. ಅತಿಥಿ ವಾಪಸ್ ಹೋದರೆ ಮರ್ಯಾದೆ ಏನಾದೀತು ಅಂತ ರಾಜ ಹೆಂಡತಿ ಸತ್ತದ್ದನ್ನು ಮುಚ್ಚಿಟ್ಟು ಅವನನ್ನು ಒಳಗೆ ಕರೆಯುತ್ತಾನೆ. ಹೆರಾಕ್ಲೀಸ್ ತಿಂದು, ಕುಡಿದು, ಹಾಡುತ್ತಾನೆ. ಆಳೊಬ್ಬ ತಡೆಯಲಾರದೆ ನಿಜ ಹೇಳುತ್ತಾನೆ. ಕುಡಿದದ್ದೆಲ್ಲ ಇಳಿದು, ಹೆರಾಕ್ಲೀಸ್ ನೇರವಾಗಿ ಸಮಾಧಿಗೆ ಹೋಗಿ ಮೃತ್ಯುವಿನ ಜತೆ ಕುಸ್ತಿ ಹಿಡಿದು ಗೆಲ್ಲುತ್ತಾನೆ. ಮುಸುಕು ಹಾಕಿದ ಒಬ್ಬ ಹೆಂಗಸನ್ನು ಕರೆತಂದು ಇವಳನ್ನು ನಿನ್ನ ಮನೆಯಲ್ಲಿಟ್ಟುಕೋ ಅನ್ನುತ್ತಾನೆ. ಅಡ್ಮೀಟಸ್ ಬೇಡ ಬೇಡ ಅಂತಲೇ ಮುಖ ಆಚೆ ತಿರುಗಿಸಿ ಕೈ ಹಿಡಿಯುತ್ತಾನೆ. ಮುಸುಕು ತೆಗೆದರೆ ಅಲ್ಸೆಸ್ಟಿಸ್.

ಅವಳು ಒಂದು ಮಾತೂ ಆಡುವುದಿಲ್ಲ. ಯಾಕೆ ಮಾತಾಡುತ್ತಿಲ್ಲ ಅಂತ ಗಂಡ ಕೇಳುತ್ತಾನೆ. ಪಾತಾಳದ ದೇವತೆಗಳಿಗೆ ಮುಡಿಪಾಗಿದ್ದವಳು, ಆ ಮೈಲಿಗೆ ಕಳೆದು ಮೂರನೇ ದಿನ ಬೆಳಗಾಗುವವರೆಗೆ ಅವಳ ದನಿ ನಿನಗೆ ಕೇಳಿಸಬಾರದು ಅಂತ ಹೆರಾಕ್ಲೀಸ್ ಹೇಳುತ್ತಾನೆ. ನಾಟಕ ಅಲ್ಲಿಗೆ ಮುಗಿಯುತ್ತದೆ. ಮೂರನೇ ದಿನ ಅವಳು ಏನು ಹೇಳಿದಳು? ಯೂರಿಪಿಡೀಸ್ ಹೇಳಿಲ್ಲ.

ಗಂಡನ ಆ ಪ್ರಶ್ನೆಯನ್ನೇ ಮೈಕೆಲಿಡೀಸ್ ತನ್ನ ಕಾದಂಬರಿ ಶುರುವಾಗುವ ಮುಂಚಿನ ಪುಟದಲ್ಲಿ ಇಟ್ಟಿದ್ದಾನೆ. ಹೆಚ್ಚಿನ ಓದುಗರು ಇಂಥ ಪುಟವನ್ನು ನೋಡದೆ ಮಗುಚುತ್ತಾರೆ. ನೀವು ನಿಲ್ಲಿ. ಪುರಾಣ ಬೆರೆತ ಪತ್ತೇದಾರಿ ಕಾದಂಬರಿಯಲ್ಲಿ ಮೊದಲ ಸುಳಿವು ಸಿಗುವುದು ಬಹುಪಾಲು ಅಲ್ಲೇ, ಕತೆ ಶುರುವಾಗುವುದಕ್ಕೂ ಮುಂಚೆ.

ಹೆಸರುಗಳ ತಲೆನೋವು

ಇದನ್ನು ಬೇಗ ಮುಗಿಸೋಣ. ಒಂದೇ ಹೆಸರನ್ನು ಗ್ರೀಕರು ಒಂದು ರೀತಿ, ರೋಮನ್ನರು ಇನ್ನೊಂದು ರೀತಿ, ಇಂಗ್ಲಿಷರು ಮತ್ತೊಂದು ರೀತಿ ಹೇಳುತ್ತಾರೆ. ಹೆರಾಕ್ಲೀಸ್, ಹರ್ಕ್ಯುಲಿಸ್ ಎರಡೂ ಒಬ್ಬನೇ. ಜ್ಯೂಸ್, ಜೂಪಿಟರ್ ಒಬ್ಬನೇ. ಇಂಗ್ಲಿಷಿನವರು ಅಲ್ಸೆಸ್ಟಿಸ್ ಅನ್ನುವುದು ಗ್ರೀಕಿನಲ್ಲಿ ಅಲ್ಕೆಸ್ಟಿಸ್. ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಹೆಸರು, ಸಂಬಂಧ ಎರಡೇ ಬರೆದುಕೊಳ್ಳಿ: ಅಡ್ಮೀಟಸ್, ಗಂಡ. ಫೆರೆಸ್ (ಆ ಮುದಿ ಅಪ್ಪ), ಮಾವ. ಸಾಕು. ಉಚ್ಚಾರ ಸರಿಯೋ ತಪ್ಪೋ ಅಂತ ತಲೆ ಕೆಡಿಸಿಕೊಂಡರೆ ಕೊಲೆಗಾರ ತಪ್ಪಿಸಿಕೊಂಡು ಹೋಗುತ್ತಾನೆ.

ಆಮೇಲೆ: ನಿಮಗೆ ಗೊತ್ತಿರುವ ಕತೆಗಳನ್ನು ಪಕ್ಕದಲ್ಲಿಡಿ

ಗ್ರೀಕ್ ಕತೆ ನಮಗೆ ದೂರ ಅನ್ನಿಸುವುದು ಅದನ್ನು ಒಂಟಿಯಾಗಿ ನೋಡಿದಾಗ. ಪಕ್ಕದಲ್ಲಿ ನಮ್ಮ ಕತೆ ಇಟ್ಟು ನೋಡಿ.

ಮೊದಲು ನೆನಪಾಗುವವಳು ಸಾವಿತ್ರಿ, ಅಲ್ವಾ? ಅವಳೂ ಗಂಡನಿಗಾಗಿ ಸಾವಿನ ಎದುರು ನಿಂತವಳು. ಆದರೆ ಅವಳು ಗೆದ್ದದ್ದು ಮಾತಿನಿಂದ. ಯಮನ ಹಿಂದೆ ನಡೆದುಕೊಂಡೇ ಹೋಗಿ, ಮಾತಿಗೆ ಮಾತು ಪೋಣಿಸಿ, ವರದ ಮೇಲೆ ವರ ಪಡೆದು, ಕೊನೆಗೆ ಯಮನನ್ನೇ ಅವನ ಮಾತಿನಲ್ಲಿ ಕಟ್ಟಿಹಾಕಿದಳು. ಅಲ್ಸೆಸ್ಟಿಸ್ ತಾನೇ ಸಾಯುತ್ತಾಳೆ, ವಾಪಸ್ ಬಂದಾಗ ಮಾತಿಲ್ಲ. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದಾಗ ಗ್ರೀಕ್ ಕತೆಯಲ್ಲಿ ಆ ಮೌನ ಎಷ್ಟು ವಿಚಿತ್ರ ಅಂತ ಎದ್ದು ಕಾಣುತ್ತದೆ.

ಮಹಾಭಾರತದ ರುರು ಹಾವು ಕಚ್ಚಿ ಸತ್ತ ಪ್ರಮದ್ವರೆಗೆ ತನ್ನ ಆಯುಸ್ಸಿನಲ್ಲಿ ಅರ್ಧ ಕೊಡುತ್ತಾನೆ. ಅಲ್ಲಿ ಗಂಡೇ ಕೊಡುವವನು, ಅದೂ ಅರ್ಧ. ಒಬ್ಬರು ಪೂರ್ತಿ ಹೋಗಬೇಕು ಅಂತಿಲ್ಲ. ನನಗೆ ಈ ಲೆಕ್ಕವೇ ಜಾಸ್ತಿ ಇಷ್ಟ.

ಇವೆರಡಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಯಯಾತಿಯ ಕತೆ. ಅಲ್ಲಿ ಅಪ್ಪ ಮಕ್ಕಳನ್ನು ಕರೆದು ನನ್ನ ಮುಪ್ಪು ತಗೊಂಡು ನಿಮ್ಮ ಯೌವನ ಕೊಡಿ ಅನ್ನುತ್ತಾನೆ. ಪೂರು ಒಪ್ಪುತ್ತಾನೆ, ನಾವು ಅವನನ್ನು ಹೊಗಳುತ್ತೇವೆ. ಇಲ್ಲಿ ಮಗ ಅಪ್ಪನನ್ನು ಕರೆದು ನನ್ನ ಸಾವು ತಗೋ ಅನ್ನುತ್ತಾನೆ. ಅಪ್ಪ ಒಪ್ಪುವುದಿಲ್ಲ. ನಾಟಕದಲ್ಲಿ ಅಪ್ಪ ಮಗ ಹೆಣದ ಮುಂದೆಯೇ ಜಗಳವಾಡುತ್ತಾರೆ. ನಿನಗೆ ಬೆಳಕು ಕಂಡರೆ ಪ್ರೀತಿ, ನಿನ್ನಪ್ಪನಿಗೆ ಪ್ರೀತಿ ಇಲ್ಲ ಅಂದುಕೊಂಡೆಯಾ ಅಂತ ಮುದುಕ ಕೇಳುತ್ತಾನೆ. ಈ ಕತೆಯನ್ನು ನಮ್ಮ ಅಕ್ಕನಿಗೆ ಹೇಳಿದಾಗ ಅವಳು ಪಲ್ಯಕ್ಕೆ ಬೀನ್ಸ್ ಮುರಿಯುತ್ತಿದ್ದಳು. ತಲೆ ಎತ್ತದೆ, “ಮುದುಕ ಕೇಳಿದ್ದು ಸರಿಯಾಗಿಯೇ ಇದೆ ಬಿಡೆ” ಅಂದಳು. ಪೂರುವನ್ನು ಹೊಗಳುತ್ತಾ ಬೆಳೆದವಳು ಹಾಗಂದದ್ದು ನನಗೆ ಆಶ್ಚರ್ಯ.

ಗಿರೀಶ ಕಾರ್ನಾಡರು 1961ರಲ್ಲಿ ಪ್ರಕಟವಾದ ‘ಯಯಾತಿ’ ನಾಟಕದಲ್ಲಿ ಪೂರುವಿಗೆ ಚಿತ್ರಲೇಖೆ ಅಂತ ಹೆಂಡತಿಯನ್ನು ಕೊಟ್ಟರು. ಮಹಾಭಾರತದ ಕತೆಯಲ್ಲಿ ಅವಳಿಲ್ಲ. ಗಂಡ ತ್ಯಾಗ ಮಾಡಿದ, ಸರಿ, ನನ್ನ ಗತಿ ಏನು ಅಂತ ಕೇಳುವವಳು ಅವಳೇ. ಪುರಾಣದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಪುರಾಣದ ಮೇಲೆ ಕಾದಂಬರಿ ಕಟ್ಟುವವರು ಮಾಡುವುದೂ ಇದೇ ಕೆಲಸ. ಹಳೆಯ ಕತೆಯಲ್ಲಿ ಎಲ್ಲಿ ಒಬ್ಬರು ಸುಮ್ಮನಿದ್ದಾರೋ ಅಲ್ಲಿಗೆ ಕೈ ಹಾಕುತ್ತಾರೆ. ಓದುವಾಗ ನಿಮ್ಮ ಕಣ್ಣೂ ಅಲ್ಲೇ ಇರಲಿ.

ಈಗ ಕಾದಂಬರಿ ತೆರೆಯಿರಿ, ಫೋನ್ ಮುಚ್ಚಿ

ಫೋನನ್ನು ಇನ್ನೊಂದು ಕೋಣೆಯಲ್ಲಿಡಿ. ತಮಾಷೆಗೆ ಹೇಳುತ್ತಿಲ್ಲ. ಈ ಬಗೆಯ ಪುಸ್ತಕದ ಪಾತ್ರದ ಹೆಸರು, ಪುರಾಣದ ಹೆಸರು, ಲೇಖಕನ ಹೆಸರು ಯಾವುದನ್ನೂ ಪುಸ್ತಕ ಮುಗಿಯುವವರೆಗೆ ಹುಡುಕಬೇಡಿ. ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ‘ಓದುತ್ತಿದ್ದೇನೆ’ ಅಂತ ಹಾಕಲೂ ಬೇಡಿ. ಒಬ್ಬ ಮಹಾನುಭಾವ ‘ಕೊನೆ ಸೂಪರ್’ ಅಂತಾದರೂ ಬರೆದೇ ಬರೆಯುತ್ತಾನೆ, ಆಮೇಲೆ ನೀವು ಪ್ರತಿ ಪುಟದಲ್ಲೂ ಕೊನೆಯನ್ನೇ ಕಾಯುತ್ತೀರಿ.

ಈಗ ಕಾದಂಬರಿಯ ಮೊದಲ ಪುಟಗಳಲ್ಲಿ ಏನಿದೆ ನೋಡೋಣ. ಅಲಿಸಿಯಾ ಬೆರೆನ್ಸನ್‌ಗೆ 33 ವರ್ಷ. ಗಂಡ ಗೇಬ್ರಿಯಲ್ ಫ್ಯಾಷನ್ ಫೋಟೋಗ್ರಾಫರ್. ಮದುವೆಯಾಗಿ ಏಳು ವರ್ಷ. ಗಂಡನನ್ನು ಕುರ್ಚಿಗೆ ತಂತಿಯಲ್ಲಿ ಬಿಗಿದು ಮುಖಕ್ಕೆ ಗುಂಡು ಹೊಡೆಯಲಾಗಿದೆ. ಅವಳು ಪೊಲೀಸರಿಗೆ, ವಕೀಲರಿಗೆ, ನ್ಯಾಯಾಲಯಕ್ಕೆ ಯಾರಿಗೂ ಬಾಯಿ ಬಿಡುವುದಿಲ್ಲ. ಉತ್ತರ ಲಂಡನ್ನಿನ ಗ್ರೋವ್ ಎಂಬ ಕಾವಲಿನ ಮಾನಸಿಕ ಚಿಕಿತ್ಸಾ ಘಟಕದಲ್ಲಿ ಅವಳನ್ನಿಡುತ್ತಾರೆ. ಅವಳು ಬರೆದ ಚಿತ್ರದಲ್ಲಿ ಇರುವವಳು ಅವಳೇ. ಕ್ಯಾನ್ವಾಸಿನ ಮುಂದೆ ನಿಂತಿದ್ದಾಳೆ, ಕೈಯಲ್ಲಿ ಬ್ರಷ್, ಅದರಿಂದ ಕೆಂಪು ತೊಟ್ಟಿಕ್ಕುತ್ತಿದೆ. ಬಣ್ಣವೋ ರಕ್ತವೋ ಗೊತ್ತಾಗುವುದಿಲ್ಲ. ತುಟಿ ತುಸು ತೆರೆದಿದೆ, ಮಾತಿಲ್ಲ. ಮೂಲೆಯಲ್ಲಿ ಗ್ರೀಕ್ ಅಕ್ಷರಗಳಲ್ಲಿ ಒಂದೇ ಪದ. ಅದೇ ಅಲ್ಸೆಸ್ಟಿಸ್. ವರ್ಷಗಳು ಕಳೆದ ಮೇಲೆ ಥಿಯೋ ಫೇಬರ್ ಎಂಬ ಮನೋಚಿಕಿತ್ಸಕ ಆ ಘಟಕಕ್ಕೆ ಕೆಲಸಕ್ಕೆ ಸೇರಿ, ಅವಳ ಬಾಯಿ ಬಿಡಿಸುತ್ತೇನೆ ಅಂತ ಹೊರಡುತ್ತಾನೆ. ಕತೆ ಹೇಳುವವನು ಅವನು. ನಡುನಡುವೆ ಅಲಿಸಿಯಾಳ ಹಳೆಯ ಡೈರಿ ಬರುತ್ತದೆ.

ಲೇಖಕನ ಬಗ್ಗೆ ಒಂದು ಮಾತು. ಮೈಕೆಲಿಡೀಸ್ ಹುಟ್ಟಿದ್ದು ಸೈಪ್ರಸ್‌ನಲ್ಲಿ. ಗ್ರೀಕ್ ಭಾಷೆ ಆಡುವ ನೆಲ ಅದು. ಮುಂದೆ ಇಂಗ್ಲೆಂಡಿನಲ್ಲಿ ಓದುವಾಗ ಹದಿಹರೆಯದವರ ಒಂದು ಮಾನಸಿಕ ಚಿಕಿತ್ಸಾ ಘಟಕದಲ್ಲಿ ಅರೆಕಾಲಿಕ ಕೆಲಸ ಮಾಡಿದ್ದ. ಗ್ರೀಕ್ ನಾಟಕ ಮತ್ತು ಆಸ್ಪತ್ರೆಯ ಕಾರಿಡಾರು ಒಂದೇ ಪುಸ್ತಕದೊಳಗೆ ಹೇಗೆ ಬಂದವು ಅಂತ ಇದರಿಂದ ತಿಳಿಯುತ್ತದೆ.

ಈ ಕಾದಂಬರಿಯ ಅಧ್ಯಾಯಗಳು ಚಿಕ್ಕವು, ಇಂಗ್ಲಿಷ್ ಸಲೀಸು. ಇಂಗ್ಲಿಷ್ ಕಾದಂಬರಿ ಓದಿ ರೂಢಿ ಇಲ್ಲದವರೂ ಧೈರ್ಯ ಮಾಡಬಹುದು. ಮೊದಲ ಐವತ್ತು ಪುಟವನ್ನು ಒಂದೇ ಕೂತಿನಲ್ಲಿ ಓದಿ. ದಿನಕ್ಕೆ ಐದು ಪುಟದಂತೆ ಚಪ್ಪರಿಸುವ ಪುಸ್ತಕ ಇದಲ್ಲ.

ಪೆನ್ಸಿಲ್ ಹಿಡಿಯಿರಿ

ಪೆನ್ ಬೇಡ, ಪೆನ್ಸಿಲ್. ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ಒಂದು ಹಾಳೆಯ ಎಡಗಡೆ ಪುರಾಣದ ಪಾತ್ರಗಳು: ಅಲ್ಸೆಸ್ಟಿಸ್, ಅಡ್ಮೀಟಸ್, ಮುದಿ ಅಪ್ಪ, ಅಪೊಲೊ, ಮೃತ್ಯು, ಹೆರಾಕ್ಲೀಸ್. ಬಲಗಡೆ ಕಾದಂಬರಿಯಲ್ಲಿ ಅವರಿಗೆ ಸರಿಹೊಂದುವವರು. ಐವತ್ತನೇ ಪುಟಕ್ಕೆ ಬಂದಾಗ ಒಮ್ಮೆ ತುಂಬಿಸಿ. ಅರ್ಧಕ್ಕೆ ಬಂದಾಗ ಇನ್ನೊಮ್ಮೆ. ಕೊನೆಯ ಐವತ್ತು ಪುಟ ಉಳಿದಾಗ ಮತ್ತೊಮ್ಮೆ. ಒಂದೊಂದು ಸಲವೂ ಅಳಿಸಿ ಬರೆಯಬೇಕಾಗಿ ಬಂದರೆ ಖುಷಿಪಡಿ, ಪುಸ್ತಕ ಚೆನ್ನಾಗಿದೆ ಅಂತ ಅರ್ಥ.

ಸರಿಹೊಂದುವ ಜಾಗಕ್ಕಿಂತ ಸರಿಹೊಂದದ ಜಾಗಕ್ಕೆ ಜಾಸ್ತಿ ಗಮನ ಕೊಡಿ. ಇಡೀ ಲೇಖನದಲ್ಲಿ ನಾನು ಹೇಳಬೇಕೆಂದು ಹೊರಟದ್ದು ಇದೊಂದನ್ನೇ. ಪುರಾಣದಲ್ಲಿ ಹೆಂಡತಿ ಗಂಡನಿಗಾಗಿ ಸಾಯುತ್ತಾಳೆ. ಕಾದಂಬರಿಯಲ್ಲಿ ಹೆಂಡತಿ ಬದುಕಿದ್ದಾಳೆ, ಗಂಡ ಅವಳ ಕೈಯಲ್ಲೇ ಸತ್ತಿದ್ದಾನೆ. ಪೂರ್ತಿ ಉಲ್ಟಾ! ಹಾಗಿದ್ದೂ ಚಿತ್ರಕ್ಕೆ ಅವಳು ಆ ಹೆಸರು ಇಟ್ಟದ್ದೇಕೆ? ಅಡ್ಮೀಟಸನ ಕೊರಳಿಗೆ ಬಂದದ್ದನ್ನು ತನ್ನ ಕೊರಳಿಗೆ ಹಾಕಿಕೊಂಡವಳ ಹೆಸರನ್ನು ಕೊಲೆ ಮಾಡಿದವಳು ಯಾಕೆ ತೊಡುತ್ತಾಳೆ? ಈ ಪ್ರಶ್ನೆಯನ್ನು ಹಾಳೆಯ ತಲೆಗೆ ದೊಡ್ಡದಾಗಿ ಬರೆದಿಡಿ. ಉತ್ತರ ನಡುವೆ ಎಲ್ಲೋ ಬರುತ್ತದೆ, ಬಂದಾಗ ನಿಮಗೇ ತಿಳಿಯುತ್ತದೆ.

ಜೊತೆಗೆ ಇನ್ನೊಂದು ಸಣ್ಣ ಕೆಲಸ. ಯಾರು ಯಾರಿಂದ ಏನು ಕೇಳಿಕೊಂಡರು, ಯಾರು ಒಲ್ಲೆ ಅಂದರು, ಇವೆರಡನ್ನು ಗುರುತು ಹಾಕುತ್ತಾ ಹೋಗಿ. ಅಲ್ಸೆಸ್ಟಿಸಳ ಕತೆ ಸಾವಿನ ಕತೆ ಅನ್ನುವುದಕ್ಕಿಂತ, ಕೇಳುವುದು ಮತ್ತು ಒಪ್ಪುವುದರ ಕತೆ. ಅಡ್ಮೀಟಸ್ ಕೆಟ್ಟವನೇನಲ್ಲ. ಅತಿಥಿಗಳ ವಿಷಯದಲ್ಲಿ ದೊಡ್ಡ ಮನುಷ್ಯ. ಹೆಂಡತಿಗಾಗಿ ಅತ್ತಿದ್ದೂ ನಿಜವೇ. ಆದರೂ ಅವಳು ಸಾಯಲು ಒಪ್ಪಿದಾಗ ಅವನು ಬೇಡ ಅನ್ನಲಿಲ್ಲ. ಕಾದಂಬರಿ ತನ್ನ ಬೇರನ್ನು ಇಳಿಬಿಟ್ಟಿರುವುದು ಈ ಸಂದಿಯಲ್ಲೇ ಅಂತ ನನ್ನ ಅಭಿಪ್ರಾಯ.

ಪುರಾಣವನ್ನು ಕೀಲಿಕೈ ಅಂದುಕೊಳ್ಳಬೇಡಿ

ಪುರಾಣ ಗೊತ್ತಿದ್ದವರಿಗೆ ಒಂದು ಅಪಾಯವಿದೆ. ಕತೆ ಹೀಗೇ ಹೋಗುತ್ತದೆ ಅಂತ ಮೊದಲೇ ತೀರ್ಮಾನಿಸಿಬಿಡುತ್ತಾರೆ. ಬುದ್ಧಿವಂತ ಲೇಖಕರಿಗೆ ಇದು ಗೊತ್ತು. ಪುರಾಣವನ್ನು ಸುಳಿವಾಗಿಯೂ ಬಳಸುತ್ತಾರೆ, ದಾರಿ ತಪ್ಪಿಸಲಿಕ್ಕೂ ಬಳಸುತ್ತಾರೆ. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾಲಿ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು. ಆದರೂ ರಾತ್ರಿಯಿಡೀ ಕೂರುತ್ತೇವೆ, ಈ ಸಲದ ಅರ್ಥಧಾರಿ ವಾಲಿಯ ಬಾಯಲ್ಲಿ ಯಾವ ಹೊಸ ಪ್ರಶ್ನೆ ಹೊರಡಿಸುತ್ತಾನೆ ನೋಡೋಣ ಅಂತ. ಅದೇ ಕಿವಿಯನ್ನು ಇಲ್ಲಿಗೂ ತನ್ನಿ.

ಇದರ ಅಭ್ಯಾಸಕ್ಕೆ ಹಗುರವಾದ ಪುಸ್ತಕ ಬೇಕಿದ್ದರೆ ಅಗಾಥಾ ಕ್ರಿಸ್ಟಿಯ ‘ದಿ ಲೇಬರ್ಸ್ ಆಫ್ ಹರ್ಕ್ಯುಲಿಸ್’ ಹಿಡಿಯಿರಿ. 1947ರ ಕಥಾಸಂಕಲನ. ಆಕೆಯ ಪತ್ತೇದಾರ ಪಾಯಿರೋಗೆ ಮೊದಲ ಹೆಸರೇ ಹರ್ಕ್ಯೂಲ್. ನಿವೃತ್ತಿಗೆ ಮುಂಚೆ ಹರ್ಕ್ಯುಲಿಸನ ಹನ್ನೆರಡು ಸಾಹಸಗಳಿಗೆ ಹೊಂದುವ ಹನ್ನೆರಡು ಕೇಸು ಮಾತ್ರ ತಗೊಳ್ಳುತ್ತೇನೆ ಅಂತ ಆತ ಹಟ ಹಿಡಿಯುತ್ತಾನೆ. ಪುರಾಣದ ನೆಮಿಯಾದ ಸಿಂಹ ಯಾವ ಆಯುಧಕ್ಕೂ ಬಗ್ಗದ ಭಯಂಕರ ಪ್ರಾಣಿ. ಕ್ರಿಸ್ಟಿಯ ಕೈಯಲ್ಲಿ ಅದು ಯಾರೋ ಕದ್ದೊಯ್ದ ಒಂದು ಪುಟ್ಟ ಪೀಕಿಂಗೀಸ್ ನಾಯಿಯಾಗುತ್ತದೆ. ಲೆರ್ನಾದ ಹೈಡ್ರಾಕ್ಕೆ ಒಂದು ತಲೆ ಕಡಿದರೆ ಎರಡು ಹುಟ್ಟುತ್ತಿದ್ದವು. ಇಲ್ಲಿ ಹೈಡ್ರಾ ಅಂದರೆ ಊರಿನ ಗಾಳಿಮಾತು. ಹೆಂಡತಿಗೆ ವಿಷ ಹಾಕಿದ ಅಂತ ಒಬ್ಬ ವೈದ್ಯನ ಬಗ್ಗೆ ಜನ ಆಡಿಕೊಳ್ಳುತ್ತಾರೆ. ಒಬ್ಬರ ಬಾಯಿ ಮುಚ್ಚಿಸಿದರೆ ಇನ್ನಿಬ್ಬರ ಬಾಯಿ ತೆರೆಯುತ್ತದೆ. ಗಾಳಿಮಾತಿಗೆ ಇದಕ್ಕಿಂತ ಸರಿಯಾದ ಹೋಲಿಕೆ ನಾನು ಕಂಡಿಲ್ಲ. ರಾತ್ರಿಗೊಂದು ಕತೆ ಓದಿದರೆ ಹನ್ನೆರಡು ರಾತ್ರಿ. ಓದುವ ಮುಂಚೆ ಆಯಾ ಸಾಹಸದ ಕತೆಯನ್ನು ಎರಡು ನಿಮಿಷ ನೆನಪಿಸಿಕೊಂಡು, ಇದು ಇಪ್ಪತ್ತನೇ ಶತಮಾನದಲ್ಲಿ ಏನಾಗಬಹುದು ಅಂತ ಊಹಿಸಿ. ನನ್ನ ಊಹೆ ಹೆಚ್ಚಾಗಿ ತಪ್ಪಿದೆ.

ಪತ್ತೇದಾರಿ ಕತೆಯ ಮುತ್ತಜ್ಜನನ್ನೇ ನೋಡಬೇಕು ಅನ್ನಿಸಿದರೆ ಇನ್ನೊಬ್ಬ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ಈಡಿಪಸ್ ಇದ್ದಾನೆ. ಊರಿಗೆ ರೋಗ ಬಡಿದಿದೆ, ಹಿಂದಿನ ರಾಜನನ್ನು ಕೊಂದವನು ಊರಲ್ಲೇ ಇರುವುದು ಅದಕ್ಕೆ ಕಾರಣ. ಈಗಿನ ರಾಜ ತನಿಖೆಗೆ ಕೂರುತ್ತಾನೆ. ಕಣಿ ಹೇಳುವವನು, ಕೊರಿಂಥದ ದೂತ, ಮುದಿ ಕುರುಬ ಹೀಗೆ ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಕೇಳುತ್ತಾ ಹೋದ ಹಾಗೆ ಹಗ್ಗ ಅವನ ಕೊರಳಿಗೇ ಸುತ್ತಿಕೊಳ್ಳುತ್ತದೆ. ಇದನ್ನು ಪಿ. ಲಂಕೇಶರ ಕನ್ನಡದಲ್ಲೇ ಓದಬಹುದು. ಬಿ.ವಿ. ಕಾರಂತರು 1972ರಲ್ಲಿ ಬೆಂಗಳೂರಿನಲ್ಲಿ ಬಯಲು ರಂಗದ ಮೇಲೆ ಆಡಿಸಿದ್ದು ಇದೇ ಅನುವಾದವನ್ನು. ಬಿ.ಎಂ.ಶ್ರೀ ಇನ್ನೂ ಮುಂಚೆಯೇ ಸೊಫೊಕ್ಲಿಸನ ಇನ್ನೊಂದು ನಾಟಕದ ಬಟ್ಟೆಯನ್ನು ಅಶ್ವತ್ಥಾಮನಿಗೆ ತೊಡಿಸಿ ‘ಅಶ್ವತ್ಥಾಮನ್’ ಬರೆದಿದ್ದರು. ಹಾಗಾಗಿ ಕನ್ನಡದ ಓದುಗರಿಗೆ ಗ್ರೀಕರು ಹೊಸ ನೆಂಟರೇನಲ್ಲ.

ಡೊನಾ ಟಾರ್ಟ್ ಬರೆದ ‘ದಿ ಸೀಕ್ರೆಟ್ ಹಿಸ್ಟರಿ’ (1992) ಈ ಸಾಲಿನಲ್ಲಿ ಭಾರದ ಪುಸ್ತಕ. ಅಮೆರಿಕದ ಒಂದು ಕಾಲೇಜಿನಲ್ಲಿ ಗ್ರೀಕ್ ಕಲಿಯುವ ಹುಡುಗರು ಡಯೋನಿಸಸ್‌ನ ಉನ್ಮಾದವನ್ನು ನಿಜವಾಗಿ ಅನುಭವಿಸಲು ಹೋಗುತ್ತಾರೆ. ಸತ್ತವನು ಯಾರು, ಕೊಂದವರು ಯಾರು ಅಂತ ಅದೂ ಶುರುವಿನಲ್ಲೇ ಹೇಳಿಬಿಡುತ್ತದೆ. ದಪ್ಪ, ನಿಧಾನ. ಇದನ್ನು ಎರಡನೆಯದೋ ಮೂರನೆಯದೋ ಆಗಿ ಓದಿ, ಮೊದಲಿಗೆ ಬೇಡ.

ಮುಗಿದ ಮೇಲೆ ನಾಟಕ ಓದಿ, ಆದರೆ ಗಟ್ಟಿಯಾಗಿ

ಕಾದಂಬರಿ ಮುಗಿದ ಮರುದಿನವೋ ವಾರವೋ ಕಳೆದು ಯೂರಿಪಿಡೀಸನ ನಾಟಕ ಓದಿ. ಮೊದಲೇ ಓದಬಾರದೇ? ಓದಬಹುದು. ಆದರೆ ಮುಗಿದ ಮೇಲೆ ಓದಿದರೆ ರುಚಿ ಬೇರೆ. ಅಡ್ಮೀಟಸನ ಒಂದೊಂದು ಆಣೆಯೂ ಆಗ ಬೇರೆ ದನಿಯಲ್ಲಿ ಕೇಳುತ್ತದೆ. ನಾಟಕ ದೊಡ್ಡದಲ್ಲ, 1,160 ಸಾಲು ಚಿಲ್ಲರೆ. ಎರಡು ಗಂಟೆಯೊಳಗೆ ಮುಗಿಯುತ್ತದೆ. ಗಿಲ್ಬರ್ಟ್ ಮರೇ ಮಾಡಿದ ಹಳೆಯ ಇಂಗ್ಲಿಷ್ ಅನುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಭಾಷೆ ಸ್ವಲ್ಪ ಹಳೇ ಕಾಲದ್ದು, ಎರಡು ಪುಟ ಓದಿದರೆ ಒಗ್ಗುತ್ತದೆ.

ಓದುವಾಗ ಇದೊಂದು ತಿಳಿದಿರಲಿ. ಆ ಡಯೋನಿಸಸ್ ಉತ್ಸವದಲ್ಲಿ ಒಬ್ಬ ಕವಿ ಮೂರು ದುರಂತ ನಾಟಕ ಆಡಿಸಿ, ನಾಲ್ಕನೆಯದಾಗಿ ಒಂದು ಹಾಸ್ಯದ ‘ಸ್ಯಾಟಿರ್’ ನಾಟಕ ಆಡಿಸುವುದು ರೂಢಿ. ಅಲ್ಸೆಸ್ಟಿಸ್ ಬಂದದ್ದು ಆ ನಾಲ್ಕನೇ ಜಾಗದಲ್ಲಿ. ಅದಕ್ಕೇ ಇದು ಅಳಿಸುವ ನಾಟಕವೋ ನಗಿಸುವ ನಾಟಕವೋ ಅಂತ ವಿದ್ವಾಂಸರು ಇವತ್ತಿಗೂ ಕಿತ್ತಾಡುತ್ತಾರೆ. ಆ ವರ್ಷ ಸೊಫೊಕ್ಲಿಸನಿಗೆ ಮೊದಲ ಬಹುಮಾನ, ಇವನಿಗೆ ಎರಡನೆಯದು. ಕೊನೆಯ ಮೌನಕ್ಕೂ ಒಂದು ಸಪ್ಪೆ ಕಾರಣ ಹೇಳುವವರಿದ್ದಾರೆ. ಮಾತಾಡುವ ನಟರು ಇಬ್ಬರೇ ಸಾಕು ಅನ್ನುವ ಹಾಗೆ ನಾಟಕ ಬರೆದಿದೆ, ಕೊನೆಯಲ್ಲಿ ಇಬ್ಬರೂ ಅಡ್ಮೀಟಸ್ ಮತ್ತು ಹೆರಾಕ್ಲೀಸ್ ಆಗಿರುವುದರಿಂದ ಅಲ್ಸೆಸ್ಟಿಸ್ ಆಗಿ ನಿಂತವನಿಗೆ ಮಾತು ಕೊಡಲು ಆಗಲಿಲ್ಲ ಅಂತ. ಇದ್ದರೂ ಇರಬಹುದು. ಆದರೆ ನಟ ಸಾಲದೆ ಹುಟ್ಟಿದ ಮೌನ ಇಷ್ಟು ಶತಮಾನ ಕಳೆದು ಲಂಡನ್ನಿನ ಒಂದು ಆಸ್ಪತ್ರೆಯ ಕೋಣೆಯಲ್ಲಿ ಬಂದು ಕೂತಿತಲ್ಲ!

ಕೊನೆಯ ದೃಶ್ಯವನ್ನು ಮಾತ್ರ ಒಬ್ಬರೇ ಓದಬೇಡಿ. ಮೂವರನ್ನು ಸೇರಿಸಿ. ಮನೆಯವರೇ ಆದರೂ ಸರಿ. ಒಬ್ಬರು ಹೆರಾಕ್ಲೀಸ್, ಒಬ್ಬರು ಅಡ್ಮೀಟಸ್, ಮೂರನೆಯವರು ಮುಸುಕು ಹಾಕಿಕೊಂಡು ನಿಂತರೆ ಆಯಿತು. ಸಾಲುಗಳನ್ನು ಅಲ್ಲಲ್ಲೇ ಕನ್ನಡ ಮಾಡಿಕೊಂಡು ಹೇಳಿ, ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ.

ನಾವು ಒಂದು ಭಾನುವಾರ ಅಕ್ಕನ ಮನೆಯಲ್ಲಿ ಹೀಗೆ ಓದಿದೆವು. ನಾನು ಹೆರಾಕ್ಲೀಸ್, ಭಾವ ಅಡ್ಮೀಟಸ್. ಅಕ್ಕ ಹಾಳೆ ತಿರುಗಿಸಿ ನೋಡಿ, “ಇಷ್ಟೊತ್ತು ನಿಲ್ಲಿಸ್ತೀಯ, ನನಗೆ ಒಂದು ಮಾತೂ ಇಲ್ವಲ್ಲೇ” ಅಂದಳು. ಆಮೇಲೆ ಸೆರಗು ಮುಖದ ಮೇಲೆ ಎಳೆದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಳು. ಭಾವ ಮೊದಲು ನಗುನಗುತ್ತಲೇ ಓದಿದರು. ಕೈ ಚಾಚುವ ಕಡೆ ಅಡ್ಮೀಟಸ್, ಗಾರ್ಗನ್ ರಾಕ್ಷಸಿಯ ತಲೆ ಕಡಿಯುವವನ ಹಾಗೆ ಮುಖ ತಿರುಗಿಸುತ್ತಾನೆ. ಭಾವನೂ ಹಾಗೇ ಗೋಡೆ ಕಡೆ ಮುಖ ಮಾಡಿ ಅಕ್ಕನ ಕೈ ಹಿಡಿದರು. ಆಮೇಲೆ ತಿರುಗಿ, ಕಾಗದ ನೋಡದೆ, “ಇವಳು ಯಾಕೆ ಮಾತಾಡ್ತಿಲ್ಲ?” ಅಂದರು.

ಮುಂದಿನ ಸಾಲು ನನ್ನದು. ನಾನು ಮರೆತೆ. ಕುಕ್ಕರ್ ಮೂರು ಸಲ ಕೂಗಿತು. ಅಕ್ಕ ಸೆರಗು ತೆಗೆಯಲಿಲ್ಲ.